ಚಳಿನಾಡಿನ ಅಮುಂಡ್ಸೆನ್

ಮಕ್ಕಳೇ, ಚಳಿಗಾಲದ ಬೆಳಗ್ಗೆ ಕಂಬಳಿ ಬಿಟ್ಟು ಏಳಲು ನಿಮಗೆ ಮನಸ್ಸಾಗುವುದೇ? ನಾರ್ವೆ ದೇಶದ ಹುಡುಗನೊಬ್ಬ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಿಟ್ಟೇ ಮಲಗುತ್ತಿದ್ದನು. ಅವನೇ ರೋಆಲ್ಡ್ ಅಮುಂಡ್ಸೆನ್. ಹುಟ್ಟಿದ್ದು 1872ರಲ್ಲಿ. ಧ್ರುವ ಪ್ರದೇಶಗಳನ್ನು ಕಾಣಬೇಕೆಂಬುದು ಅವನ ಆಸೆಯಾಗಿತ್ತು.

1903ರಲ್ಲಿ ಅವನು ಆರು ಸಂಗಾತಿಗಳೊಡನೆ ಸಣ್ಣ ಹಡಗಿನಲ್ಲಿ ಕೆನಡಾದ ಉತ್ತರದ ಕಡಲಿಗೆ ಹೋದನು. ಅಲ್ಲಿ ಒಂದೇ ಕಡೆ ಸುಮಾರು ಎರಡು ವರ್ಷ ಉಳಿದನು. ಅಲ್ಲಿನ ಇನ್ಯೂಟ್ ಜನರೇ ಅವನಿಗೆ ಗುರುಗಳಾದರು. ಹಿಮದ ಗಟ್ಟಿಗಳಿಂದ ಮನೆ ಕಟ್ಟುವುದನ್ನು ಅವನು ಅವರಿಂದ ಕಲಿತನು. ಅವರ ಉಡುಪು ಹಿಮಸಾರಂಗದ ಚರ್ಮದ್ದು, ಎರಡು ಪದರದ್ದು. ಒಳಗಿನ ಅಂಗಿಯ ರೋಮ ಮೈಯ ಕಡೆಗೆ, ಹೊರಗಿನದರ ರೋಮ ಹೊರಕ್ಕೆ. ಅದು ಬಿಗಿಯಾಗಿರದೆ ಸಡಿಲವಾಗಿರುತ್ತಿತ್ತು. ಏಕೆ ಗೊತ್ತೇ? ಚಳಿನಾಡಿನಲ್ಲಿ ಬೆವರೂ ಒಂದು ಶತ್ರು! ಬಟ್ಟೆ ಬೆವರಿನಿಂದ ಒದ್ದೆಯಾದರೆ ಮೈಮೇಲೆಯೇ ಹೆಪ್ಪುಗಟ್ಟುತ್ತದೆ. ಸಡಿಲವಾದ ಉಡುಪಿನೊಳಗೆ ಗಾಳಿಯಾಡಿ ಬೆವರು ಆರುತ್ತದೆ.

ಇಷ್ಟೆಲ್ಲ ಕಲಿತವನೂ ಒಮ್ಮೆ ಆತುರಪಟ್ಟನು. 1911ರಲ್ಲಿ ಅವನು ಅಂಟಾರ್ಕ್ಟಿಕದಲ್ಲಿ ಬೀಡುಬಿಟ್ಟಿದ್ದನು. ಚಳಿ ಇನ್ನೂ ಇಳಿಯುವ ಮೊದಲೇ, ಸೆಪ್ಟೆಂಬರಿನಲ್ಲಿ, ನಾಯಿಗಳು ಎಳೆಯುವ ಜಾರುಬಂಡಿಗಳೊಡನೆ ದಕ್ಷಿಣ ಧ್ರುವದತ್ತ ಹೊರಟನು. ಉಷ್ಣತೆ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ ಇಳಿಯಿತು. ಕೆಲವು ನಾಯಿಗಳು ಸತ್ತವು. ಸಂಗಾತಿಗಳ ಹಿಮ್ಮಡಿಗಳು ಮರಗಟ್ಟಿದವು. ಅವನು ಬೀಡಿಗೆ ಹಿಂತಿರುಗಿದನು. ಅಕ್ಟೋಬರಿನಲ್ಲಿ ಮತ್ತೆ ಹೊರಟು, ಡಿಸೆಂಬರ್ 14ರಂದು ನಾಲ್ವರೊಡನೆ ಧ್ರುವವನ್ನು ತಲುಪಿದನು. ಅಲ್ಲಿಗೆ ಮೊದಲು ಕಾಲಿಟ್ಟವರು ಅವರೇ. ಐವರೂ ಜೀವಸಹಿತ ಮರಳಿದರು.

1928ರಲ್ಲಿ ಉತ್ತರದ ಹಿಮದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಲು ಅಮುಂಡ್ಸೆನ್ ವಿಮಾನದಲ್ಲಿ ಹೋದನು. ಆ ವಿಮಾನ ಮರಳಿ ಬರಲಿಲ್ಲ.