ಜೋ ಡೇವಿಸ್: ಕೈ ನಡುಗದ ಆಟಗಾರ



ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬರುವ ನಿಮ್ಮಲ್ಲಿ ಹಲವರ ದೂರು ಪ್ರತಿ ವರ್ಷ ಒಂದೇ. ಮನೆಯಲ್ಲಿ ಹತ್ತು ಸಲ ಮಾಡಿದ ಲೆಕ್ಕವೇ ಪರೀಕ್ಷಾ ಹಾಲ್‌ನಲ್ಲಿ ತಪ್ಪಿಹೋಯಿತು ಎಂಬುದು. ಭೌತಶಾಸ್ತ್ರ ಕಲಿಸುವ ನಾನು ಇದಕ್ಕೆ ಉತ್ತರವಾಗಿ ಒಬ್ಬ ಸ್ನೂಕರ್ ಆಟಗಾರನ ಬದುಕನ್ನು ಹೇಳಬೇಕೆಂದಿದ್ದೇನೆ. ಸ್ನೂಕರ್ ಎಂದರೆ ಕಾಲೇಜು ತಪ್ಪಿಸಿ ಪಾರ್ಲರ್‌ನಲ್ಲಿ ಕಾಲ ಕಳೆಯುವ ಆಟ ಎಂದು ನಮ್ಮ ಹಿರಿಯರಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಒತ್ತಡ ಎಂಬುದು ಮನುಷ್ಯನ ಕೈಗೆ ಏನು ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ.

ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಇದನ್ನು ಆರಂಭಿಸಿದರು. ಮುಂದೆ ನಮ್ಮ ಮೈಸೂರಿನ ಪಕ್ಕದ ಊಟಿಯಲ್ಲಿ ಇದರ ನಿಯಮಗಳು ರೂಪುಗೊಂಡವು. ಅದನ್ನು ಜಗತ್ತಿನ ದೊಡ್ಡ ಆಟವಾಗಿ ಬೆಳೆಸಿದವರು ಜೋ ಡೇವಿಸ್.

ಜೋ ಹುಟ್ಟಿದ್ದು 1901ರ ಏಪ್ರಿಲ್ 15ರಂದು, ಇಂಗ್ಲೆಂಡಿನ ಡರ್ಬಿಶೈರ್‌ನ ವಿಟ್‌ವೆಲ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕರು. ಮುಂದೆ ಅವರು ಚೆಸ್ಟರ್‌ಫೀಲ್ಡ್ ಬಳಿ ಒಂದು ವಸತಿಗೃಹ ನಡೆಸತೊಡಗಿದರು. ಅಲ್ಲಿದ್ದ ಬಿಲಿಯರ್ಡ್ಸ್ ಮೇಜೇ ಹುಡುಗನ ಗುರುವಾಯಿತು. 13ನೇ ವಯಸ್ಸಿಗೆ ಜೋ ಊರಿನ ಚಾಂಪಿಯನ್ ಆದರು.

ಅವರ ಬಲಗಣ್ಣಿನ ದೃಷ್ಟಿ ಬಹಳ ದುರ್ಬಲವಾಗಿತ್ತು. ಹೀಗಾಗಿ ಅವರು ಕ್ಯೂ ಕೋಲನ್ನು ಎಡಗಣ್ಣಿನ ನೇರಕ್ಕೆ ಬರುವಂತೆ ಹಿಡಿದು ನಿಲ್ಲುವ ತಮ್ಮದೇ ಭಂಗಿಯನ್ನು ರೂಢಿಸಿಕೊಂಡರು. ಕಾಲು ಎಲ್ಲಿಡಬೇಕು, ಗದ್ದ ಎಲ್ಲಿರಬೇಕು, ತೋಳು ಹೇಗೆ ಚಲಿಸಬೇಕು ಎಂಬುದನ್ನೆಲ್ಲ ಬಿಡಿಬಿಡಿಯಾಗಿ ಅಭ್ಯಾಸ ಮಾಡಿದರು. ಕೊರತೆಯೇ ಅವರಿಗೆ ಶಿಸ್ತು ಕಲಿಸಿತು ಎಂದು ನನಗನಿಸುತ್ತದೆ.

ಆ ಶಿಸ್ತು ಏಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. ಸ್ನೂಕರ್ ಮೇಜಿನ ಉದ್ದ ಸುಮಾರು 12 ಅಡಿ, ಚೆಂಡಿನ ವ್ಯಾಸ 52.5 ಮಿ.ಮೀ. ಬಿಳಿ ಚೆಂಡು ಆರು ಅಡಿ ದೂರ ಸಾಗಿ ಇನ್ನೊಂದು ಚೆಂಡಿಗೆ ನೇರವಾಗಿ ಬಡಿಯಬೇಕು ಎಂದಿಟ್ಟುಕೊಳ್ಳಿ. ಹೊಡೆತ ಕೇವಲ ಕಾಲು ಡಿಗ್ರಿ ತಪ್ಪಿದರೆ ಬಿಳಿ ಚೆಂಡು ಸುಮಾರು 8 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಆಗ ಎರಡನೇ ಚೆಂಡು ಹೋಗಬೇಕಾದ ದಿಕ್ಕಿನಿಂದ ಸುಮಾರು 9 ಡಿಗ್ರಿ ತಿರುಗುತ್ತದೆ. ಅಲ್ಲಿಂದ ಮೂರು ಅಡಿ ದೂರದಲ್ಲಿರುವ ಪಾಕೆಟ್ ತಲುಪುವಷ್ಟರಲ್ಲಿ ಅದು 14 ಸೆಂ.ಮೀ. ಆಚೆಗಿರುತ್ತದೆ. ಕಾಲು ಡಿಗ್ರಿಯ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ!

ಒತ್ತಡ ಕೈಹಾಕುವುದು ಈ ಕಾಲು ಡಿಗ್ರಿಗೇ. ಭಯವಾದಾಗ ಬೆರಳುಗಳು ಕೋಲನ್ನು ಬಿಗಿಯಾಗಿ ಹಿಡಿಯುತ್ತವೆ, ಭುಜ ಗಟ್ಟಿಯಾಗುತ್ತದೆ. ಚೆಂಡು ಒಳಗೆ ಬಿತ್ತೇ ಎಂದು ನೋಡುವ ಆತುರಕ್ಕೆ ಹೊಡೆತ ಮುಗಿಯುವ ಮೊದಲೇ ತಲೆ ಮೇಲೇಳುತ್ತದೆ. ಇಷ್ಟು ಕಾಲ ಕೈ ತಾನಾಗಿ ಮಾಡುತ್ತಿದ್ದ ಕೆಲಸಕ್ಕೆ ಮನಸ್ಸು ಅಡ್ಡ ಬಂದು ಉಸ್ತುವಾರಿ ಶುರುಮಾಡುತ್ತದೆ. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿದರೆ ಕಾಲು ತಡವರಿಸುವುದಿಲ್ಲವೇ, ಹಾಗೆ. 1985ರ ವಿಶ್ವ ಫೈನಲ್‌ನಲ್ಲಿ 17–17 ಸಮನಾಗಿ, ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನ ಮೇಲೆ ಎಲ್ಲವೂ ನಿಂತಿತ್ತು. ಅಂದಿನ ಚಾಂಪಿಯನ್ ಸ್ಟೀವ್ ಡೇವಿಸ್ ಅದನ್ನು ತಪ್ಪಿಸಿದರು, ಡೆನ್ನಿಸ್ ಟೇಲರ್ ಗೆದ್ದರು. ಈ ಸ್ಟೀವ್‌ಗೂ ನಮ್ಮ ಜೋಗೂ ಹೆಸರು ಬಿಟ್ಟರೆ ನಂಟಿಲ್ಲ.

ಜೋ ಕಥೆಗೆ ಮರಳುತ್ತೇನೆ. ಆಗ ಬಿಲಿಯರ್ಡ್ಸ್‌ಗೆ ಇದ್ದ ಗೌರವ ಸ್ನೂಕರ್‌ಗೆ ಇರಲಿಲ್ಲ. ವೃತ್ತಿಪರರಿಗೆ ಸ್ನೂಕರ್ ಚಾಂಪಿಯನ್‌ಶಿಪ್ ಬೇಕೆಂದು ಒತ್ತಾಯಿಸಿ, 1927ರಲ್ಲಿ ಅದು ನಡೆಯುವಂತೆ ಮಾಡಿದವರು ಜೋ. ಬರ್ಮಿಂಗ್‌ಹ್ಯಾಮ್‌ನ ಫೈನಲ್‌ನಲ್ಲಿ ಟಾಮ್ ಡೆನ್ನಿಸ್ ಅವರನ್ನು ಸೋಲಿಸಿದಾಗ ಅವರಿಗೆ ಸಿಕ್ಕಿದ್ದು ಆರೂವರೆ ಪೌಂಡ್. ಅಲ್ಲಿಂದ 1946ರವರೆಗೆ ನಡೆದ 15 ಚಾಂಪಿಯನ್‌ಶಿಪ್‌ಗಳನ್ನೂ ಗೆದ್ದು, ಆ ಸ್ಪರ್ಧೆಯಲ್ಲಿ ಸೋಲನ್ನೇ ಕಾಣದೆ ನಿವೃತ್ತರಾದರು.

ಗೆಲುವು ಸುಲಭವಾಗಿತ್ತು ಎಂದು ಭಾವಿಸಬೇಡಿ. 1936ರ ಫೈನಲ್‌ನಲ್ಲಿ ಗೆಲ್ಲಲು 31 ಫ್ರೇಮ್ ಬೇಕಿತ್ತು. ಆಸ್ಟ್ರೇಲಿಯಾದ 24 ವರ್ಷದ ಹೋರೇಸ್ ಲಿಂಡ್ರಮ್ 27–24ರಿಂದ ಮುಂದಿದ್ದರು. ಅಲ್ಲಿಂದ ಜೋ ಒಂದು ಫ್ರೇಮನ್ನೂ ಬಿಟ್ಟುಕೊಡಲಿಲ್ಲ, ಸತತ ಏಳು ಗೆದ್ದು ಪಂದ್ಯ ಮುಗಿಸಿದರು. 1940ರ ಫೈನಲ್‌ನಲ್ಲಿ ಎದುರಾದವರು ಅವರ ಸ್ವಂತ ತಮ್ಮ ಫ್ರೆಡ್. ಆ ಪಂದ್ಯವನ್ನು ಜೋ ಗೆದ್ದದ್ದು 37–36ರಿಂದ, ಒಂದೇ ಒಂದು ಫ್ರೇಮ್ ಅಂತರದಲ್ಲಿ. 1955ರ ಜನವರಿಯಲ್ಲಿ, 53ನೇ ವಯಸ್ಸಿನಲ್ಲಿ, ಒಂದೇ ಸರದಿಯಲ್ಲಿ ಗಳಿಸಬಹುದಾದ ಗರಿಷ್ಠ 147 ಅಂಕಗಳನ್ನು ಅವರು ಲಂಡನ್‌ನಲ್ಲಿ ಗಳಿಸಿದರು. ಅಧಿಕೃತ ಮನ್ನಣೆ ಪಡೆದ ಮೊದಲ 147 ಅದು.

ಅವರಿಗೆ ಭಯವೇ ಇರಲಿಲ್ಲ ಎಂದು ನಾನು ನಂಬುವುದಿಲ್ಲ. ಭಯ ಬಂದಾಗಲೂ ಕಾಲು, ಗದ್ದ, ತೋಳು ತಮ್ಮ ತಮ್ಮ ಜಾಗದಲ್ಲೇ ಇರುತ್ತಿದ್ದವು. ಮೊದಲ ಚೆಂಡಿಗೂ ಕೊನೆಯ ಚೆಂಡಿಗೂ ಒಂದೇ ಕ್ರಮ. ಮನಸ್ಸು ಫಲಿತಾಂಶದ ಕಡೆ ಓಡದಂತೆ ಈ ಕ್ರಮ ಅದನ್ನು ಮೇಜಿನ ಮೇಲೆಯೇ ಹಿಡಿದಿಡುತ್ತಿತ್ತು.

ಇದಕ್ಕೆ ಅವರ ಕೊನೆಯ ದಿನಗಳೇ ಸಾಕ್ಷಿ. 1978ರ ವಿಶ್ವ ಚಾಂಪಿಯನ್‌ಶಿಪ್ ಶೆಫೀಲ್ಡ್‌ನಲ್ಲಿ ನಡೆಯಿತು. 64 ವರ್ಷದ ತಮ್ಮ ಫ್ರೆಡ್ ಸೆಮಿಫೈನಲ್ ತಲುಪಿ ದಕ್ಷಿಣ ಆಫ್ರಿಕಾದ ಪೆರಿ ಮ್ಯಾನ್ಸ್ ವಿರುದ್ಧ ಆಡುತ್ತಿದ್ದರು. 77 ವರ್ಷದ ಜೋ ಪ್ರೇಕ್ಷಕರ ನಡುವೆ ಕುಳಿತಿದ್ದರು. ಪ್ರತಿ ಹೊಡೆತಕ್ಕೂ ಚೆಂಡನ್ನು ತಾವೇ ದಾರಿಗೆ ತರುವವರಂತೆ ಅತ್ತಿತ್ತ ವಾಲುತ್ತಿದ್ದರಂತೆ. ಅಲ್ಲೇ ಅವರ ಆರೋಗ್ಯ ಕೆಟ್ಟಿತು. ಫ್ರೆಡ್ 16–18ರಿಂದ ಸೋತರು. ಜೋಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಳ್ಳುವ ಹೊತ್ತಿಗೆ ಎದೆಯ ಸೋಂಕು ತಗುಲಿ, ಜುಲೈ 10ರಂದು ತೀರಿಕೊಂಡರು. ತಮ್ಮ ಸರದಿಯಲ್ಲಿ ಅಷ್ಟು ಸಮಾಧಾನವಾಗಿದ್ದವರಿಗೆ ತಮ್ಮನ ಸರದಿಯನ್ನು ಕುಳಿತು ನೋಡುವುದು ಕಷ್ಟವಾಯಿತು. ಕೈಯಲ್ಲಿ ಕ್ಯೂ ಇರಲಿಲ್ಲ, ಮಾಡಲು ಕೆಲಸವೂ ಇರಲಿಲ್ಲ.

ಮಾರ್ಚ್ ತಿಂಗಳ ಪರೀಕ್ಷೆಗೆ ಹೋಗುವಾಗ ನೀವೂ ನಿಮ್ಮದೊಂದು ಕ್ರಮ ಇಟ್ಟುಕೊಳ್ಳಿ. ಪ್ರಶ್ನೆ ಪೂರ್ತಿ ಓದಿ, ದತ್ತಾಂಶ ಬರೆದುಕೊಳ್ಳಿ, ಸೂತ್ರ ಬರೆಯಿರಿ, ಆಮೇಲೆ ಲೆಕ್ಕ ಮಾಡಿ. ಸುಲಭ ಪ್ರಶ್ನೆಗೂ ಕಷ್ಟದ ಪ್ರಶ್ನೆಗೂ ಅದೇ ಕ್ರಮವಿರಲಿ. ಎಷ್ಟು ಅಂಕ ಬರುತ್ತದೆ ಎಂದು ನೋಡಲು ನಡುವೆ ತಲೆ ಎತ್ತಬೇಡಿ. ಇನ್ನೊಂದು ಮಾತು. ಆ ಮೂರು ಗಂಟೆ ನಿಮ್ಮ ಕೈಯಲ್ಲಿ ಪೆನ್ ಇರುತ್ತದೆ, ಗೇಟಿನ ಹೊರಗೆ ಬಿಸಿಲಲ್ಲಿ ನಿಂತ ನಿಮ್ಮ ತಂದೆ ತಾಯಿಯ ಕೈಯಲ್ಲಿ ಏನೂ ಇರುವುದಿಲ್ಲ. ಪರೀಕ್ಷೆ ಮುಗಿಸಿ ಬಂದಾಗ ಅವರು ಆತುರದಿಂದ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರೆ ಸಿಡುಕಬೇಡಿ.