ದೇಶಸೇವೆಗೆ ಮುಡಿಪಾದ ನ್ಯಾಯವಾದಿ: ಶ್ರೀ ಜೋಕಿಂ ಆಳ್ವ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಧರ್ಮಕೇಂದ್ರದ ಯುವಜನರ ಮುಂದೆ ಒಬ್ಬ ಕ್ಯಾಥೋಲಿಕ ನ್ಯಾಯವಾದಿಯ ಬಾಳನ್ನು ಇಡಬಯಸುತ್ತೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನ್ಯಾಯಾಲಯಗಳ ಮೆಟ್ಟಿಲನ್ನು ಒಮ್ಮೆಯೂ ಹತ್ತದ ಮನೆತನಗಳು ವಿರಳ. ಹೊಲದ ಬದು, ಕಾಲುವೆಯ ನೀರು, ಭತ್ತದ ವ್ಯಾಪಾರದ ಬಾಕಿ, ಕೈಗಡದ ಪತ್ರ, ಹೀಗೆ ವ್ಯಾಜ್ಯಕ್ಕೆ ಕಾರಣಗಳು ಹಲವು. ಈಚೆಗೆ ನಮ್ಮ ಮಕ್ಕಳೂ ಕಾನೂನು ವ್ಯಾಸಂಗಕ್ಕೆ ಹೋಗುತ್ತಿದ್ದಾರೆ. ವಕೀಲಿ ವೃತ್ತಿಯೂ ವಿಶ್ವಾಸವೂ ಒಂದೇ ಎದೆಯಲ್ಲಿ ಬಾಳಬಲ್ಲವೇ ಎಂದು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಅವರಿಗೆ ಆಳ್ವರ ಚರಿತ್ರೆಯೇ ಉತ್ತರವಾದೀತೆಂದು ನಂಬಿದ್ದೇವೆ.

ಆಳ್ವರು 1907ರ ಜನವರಿ 21ರಂದು ಉಡುಪಿಯ ಸಮೀಪದ ಬೆಳ್ಳೆಯಲ್ಲಿ ಜನಿಸಿದರು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯ ಕಷ್ಟವನ್ನುಂಡರೂ ವಿಶ್ವಾಸವನ್ನು ಬಿಡದೆ ಹಿಂದಿರುಗಿದ ಕರಾವಳಿಯ ಕ್ರೈಸ್ತ ಸಮುದಾಯದಲ್ಲಿ ಅವರ ಮನೆತನವೂ ಒಂದು. ಉನ್ನತ ವ್ಯಾಸಂಗವು ಮುಂಬಯಿಯ ಎಲ್ಫಿನ್‌ಸ್ಟನ್, ಸೇಂಟ್ ಝೇವಿಯರ್ಸ್ ಹಾಗೂ ಸರಕಾರಿ ಕಾನೂನು ಕಾಲೇಜುಗಳಲ್ಲಿ ನಡೆಯಿತು.

ವಿದ್ಯಾರ್ಥಿದೆಸೆಯಲ್ಲಿಯೇ ಅವರು ಸ್ವಾತಂತ್ರ್ಯ ಚಳವಳಿಗೆ ಮನಸೋತರು. 1928ರಲ್ಲಿ ಮುಂಬಯಿ ಯುವಜನ ಸಂಘದ ಸ್ಥಾಪಕರಲ್ಲಿ ಒಬ್ಬರಾದರು. ಆ ಕಾಲದಲ್ಲಿ ಕ್ರೈಸ್ತರೆಂದರೆ ಆಂಗ್ಲರ ಕಡೆಯವರೆಂಬ ಭಾವನೆ ನೆರೆಹೊರೆಯಲ್ಲಿತ್ತು. ಸರಕಾರಕ್ಕೆ ಎದುರಾಡಿದರೆ ಧರ್ಮಸಭೆಗೆ ಕೇಡಾದೀತೆಂಬ ಭಯ ನಮ್ಮ ಹಿರಿಯರಲ್ಲಿಯೂ ಇತ್ತು. ರಾಷ್ಟ್ರೀಯ ಚಟುವಟಿಕೆಯ ಕಾರಣದಿಂದ ಆಳ್ವರು ತಾವು ಓದುತ್ತಿದ್ದ ಕ್ಯಾಥೋಲಿಕ ಕಾಲೇಜಿನಿಂದಲೇ ಹೊರಹಾಕಲ್ಪಟ್ಟರು. ಗುರುಗಳಾದ ನಾವು ಈ ಸಂಗತಿಯನ್ನು ಮರೆಮಾಚಲಾಗದು. ಆದರೆ ಮನೆಯ ಹಿರಿಯರು ಗದರಿದರೆಂದು ಮಗನು ಮನೆಯನ್ನೇ ತೊರೆಯಲಿಲ್ಲ. 1930ರಲ್ಲಿ ಅವರು ರಾಷ್ಟ್ರೀಯ ಕ್ರೈಸ್ತ ಪಕ್ಷವನ್ನು ಕಟ್ಟಿ, ಕ್ರಿಸ್ತನ ಅನುಯಾಯಿಗಳು ಭರತಮಾತೆಯ ಮಕ್ಕಳೂ ಹೌದೆಂಬುದನ್ನು ಲೋಕಕ್ಕೆ ಸಾರಿದರು.

ಮುಂಬಯಿ ಆಗ ಹತ್ತಿ, ಹಡಗು, ಗಿರಣಿಗಳ ನಗರ. ಅಲ್ಲಿಯ ವರ್ತಕರ ಕರಾರು, ಹುಂಡಿ, ವಿಮೆ, ಪಾಲುದಾರಿಕೆಗಳ ದೊಡ್ಡ ದಾವೆಗಳು ಕೆಳಗಿನ ನ್ಯಾಯಾಲಯಗಳನ್ನು ಹಾಯದೆ ನೇರವಾಗಿ ಉಚ್ಚ ನ್ಯಾಯಾಲಯದ ಮೂಲ ವಿಭಾಗದಲ್ಲಿಯೇ ದಾಖಲಾಗುತ್ತಿದ್ದವು. ಇಂಥ ದಾವೆಗಳನ್ನು ನಡೆಸಿದ ಸಮರ್ಥ ವಕೀಲರಿಗೆ ಸಿರಿವಂತಿಕೆ ದೂರವಿರಲಿಲ್ಲ. ಆಳ್ವರಿಗೂ ಆ ದಾರಿ ತೆರೆದಿತ್ತು. ಅವರು ಆರಿಸಿಕೊಂಡದ್ದು ಸೆರೆಮನೆಯ ದಾರಿಯನ್ನು. ರಾಜದ್ರೋಹದ ಆಪಾದನೆಯ ಮೇಲೆ ಎರಡು ಸಲ ಬಂಧನಕ್ಕೊಳಗಾದರು. ಕಾನೂನನ್ನು ಬಲ್ಲವರಾದ್ದರಿಂದ ತಮ್ಮ ನಡತೆಯ ಫಲವೇನೆಂಬುದು ಅವರಿಗೆ ಮೊದಲೇ ತಿಳಿದಿತ್ತು.

1937ರಲ್ಲಿ ಅವರು ವಯಲೆಟ್ ಹರಿ ಅವರ ಕೈಹಿಡಿದರು. ಆಕೆ ಗುಜರಾತಿನ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳು. ಎರಡು ಕ್ರೈಸ್ತ ಪಂಗಡಗಳು ಇಷ್ಟು ಹತ್ತಿರವಿರದಿದ್ದ ಆ ದಿನಗಳಲ್ಲಿ ಈ ದಂಪತಿಗಳು ಒಂದೇ ಸಂಸಾರ, ಒಂದೇ ವೃತ್ತಿ, ಒಂದೇ ಹೋರಾಟವೆಂದು ಬಾಳಿದರು. 1942ರ ಚಳವಳಿಯಲ್ಲಿ ಶ್ರೀಮತಿಯವರು ಹಸುಗೂಸನ್ನು ಎತ್ತಿಕೊಂಡೇ ಸೆರೆಮನೆಗೆ ಹೋದರು. 1943ರಲ್ಲಿ ಇಬ್ಬರೂ ಕೂಡಿ ‘ಫೋರಮ್’ ಎಂಬ ಆಂಗ್ಲ ವಾರಪತ್ರಿಕೆಯನ್ನು ಆರಂಭಿಸಿದರು. 1944ರಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠದ ಮುಂದೆ ವಾದಿಸಿದ ಭಾರತದ ಮೊದಲ ಮಹಿಳಾ ವಕೀಲರೆಂಬ ಕೀರ್ತಿ ಶ್ರೀಮತಿ ಆಳ್ವರದು.

ಸ್ವಾತಂತ್ರ್ಯಾನಂತರ, 1949ರಲ್ಲಿ, ಆಳ್ವರು ಮುಂಬಯಿಯ ಷೆರೀಫರಾದರು. 1952, 1957 ಮತ್ತು 1962ರ ಚುನಾವಣೆಗಳಲ್ಲಿ ಉತ್ತರ ಕನ್ನಡದ ಜನತೆ ಅವರನ್ನು ಲೋಕಸಭೆಗೆ ಆರಿಸಿ ಕಳಿಸಿತು. ಆ ಮೊದಲ ಲೋಕಸಭೆಯಲ್ಲಿ ಕುಷ್ಟಗಿ ಕ್ಷೇತ್ರದ ಸದಸ್ಯರಾಗಿದ್ದವರು ನಮ್ಮ ಅಳವಂಡಿಯ ಶ್ರೀ ಶಿವಮೂರ್ತಿಸ್ವಾಮಿಗಳು. ಆಳ್ವರ ಕ್ಷೇತ್ರ ಅಂದು ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ನಾಲ್ಕೂ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಹೀಗೆ ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದೇ ರಾಜ್ಯದ ಪ್ರಜೆಗಳಾದರು.

ಶ್ರೀಮತಿ ಆಳ್ವರು 1957ರಲ್ಲಿ ಕೇಂದ್ರದ ಗೃಹಖಾತೆಯ ಉಪಮಂತ್ರಿಯಾದರು. 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಗಳಾಗಿದ್ದು, 1969ರ ನವೆಂಬರಿನಲ್ಲಿ ದೈವಾಧೀನರಾದರು. ಹತ್ತು ವರ್ಷಗಳ ತರುವಾಯ, 1979ರ ಜೂನ್ 28ರಂದು, ಜೋಕಿಂ ಆಳ್ವರೂ ಪ್ರಭುವಿನಲ್ಲಿ ನಿದ್ರೆಹೋದರು. ರಾಜನ ಇಚ್ಛೆಗಿಂತ ಅಂತಃಸಾಕ್ಷಿಯೇ ಮೇಲೆಂದು 1535ರಲ್ಲಿ ತಲೆಯೊಪ್ಪಿಸಿದ ನ್ಯಾಯವಾದಿ ಸಂತ ಥಾಮಸ್ ಮೋರರ ಹಬ್ಬ ಕಳೆದು ಅಂದಿಗೆ ಆರು ದಿನ. 2008ರಲ್ಲಿ ಅಂಚೆ ಇಲಾಖೆಯು ಆಳ್ವ ದಂಪತಿಗಳ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಪ್ರಿಯ ಭಕ್ತಾದಿಗಳೇ, ನಮ್ಮ ಮಕ್ಕಳು ಕರಿಯ ನಿಲುವಂಗಿ ತೊಡಲಿ, ಭಯಪಡಬೇಕಾದ್ದಿಲ್ಲ. ವ್ಯಾಪಾರದ ದಾವೆ ನಡೆಸುವುದೂ ಪಾಪವಲ್ಲ, ಸಂಪಾದನೆಯೂ ಪಾಪವಲ್ಲ. ಆದರೆ ಸುಳ್ಳು ಸಾಕ್ಷಿಗೆ ಕೈಯೊಡ್ಡುವ ಗಳಿಗೆ, ಬಡವನ ಹೊಲವನ್ನು ಕಾಗದದ ಬಲದಿಂದ ಕಸಿಯುವ ಗಳಿಗೆ, ಅಧಿಕಾರಕ್ಕೆ ಅಂಜಿ ಮೌನವಾಗುವ ಗಳಿಗೆ ಪ್ರತಿ ವಕೀಲನಿಗೂ ಎದುರಾಗುತ್ತದೆ. ಆಗ ಯಾವುದನ್ನು ಬಿಡಬೇಕೆಂಬುದನ್ನು ಆಳ್ವರು ಬಾಳಿ ತೋರಿಸಿದ್ದಾರೆ. ಈ ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿ ಅಂಥ ಮಕ್ಕಳು ನಮ್ಮ ಮನೆಗಳಿಂದಲೂ ಹೊರಬರಲೆಂದು ಪ್ರಾರ್ಥಿಸುತ್ತೇವೆ.