ಗುಂಡು ಯಾಕೆ ನೆಟ್ಟಗೆ ಹೋಗಲ್ಲ? ಬೆಂಜಮಿನ್ ರಾಬಿನ್ಸ್ ಕಥೆ

ಲಾಯಿಲ ದಾಟಿ ನಡ ಗ್ರಾಮದ ಕಡೆ ಹೊರಟರೆ ಗಡಾಯಿಕಲ್ಲು ಎದುರಿಗೆ ಬರುತ್ತದೆ. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ಮೇಲೆ ಜಮಾಲಾಬಾದ್ ಕೋಟೆ ಕಟ್ಟಿಸಿದ. ಬಂಡೆಯಲ್ಲೇ ಕಡಿದ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕೂತವರಿಗೆಲ್ಲ ಬರುವ ಪ್ರಶ್ನೆ ಒಂದೇ. ಇಲ್ಲಿಂದ ಕೋವಿ ಹೊಡೆದರೆ ಕೆಳಗೆ ಬರುತ್ತಿದ್ದವನಿಗೆ ತಾಗುತ್ತಿತ್ತಾ?

ತಾಗಿದರೆ ಅವನ ಗ್ರಹಚಾರ ಅನ್ನಬೇಕು, ಅಷ್ಟೇ. ಆ ಕಾಲದಲ್ಲಿ ಮೈಸೂರಿನ ಸಿಪಾಯಿಯ ಕೈಯಲ್ಲೂ ಇಂಗ್ಲಿಷರ ಸಿಪಾಯಿಯ ಕೈಯಲ್ಲೂ ಸಾಮಾನ್ಯವಾಗಿ ಇದ್ದದ್ದು ಒಳಮೈ ನುಣುಪಾಗಿದ್ದ ಕೋವಿ. ನೂರು ಗಜ ದಾಟಿತೆಂದರೆ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಹೊಡೆದವನಿಗೇ ಗೊತ್ತಿರುತ್ತಿರಲಿಲ್ಲ. ಹಾಗೇಕೆ ಆಗುತ್ತದೆ, ಅದಕ್ಕೆ ಪರಿಹಾರ ಏನು ಅಂತ ಒಬ್ಬ ಮನುಷ್ಯ ಅದಕ್ಕೂ ಐವತ್ತು ವರ್ಷ ಮೊದಲೇ ಅಳೆದು ತೋರಿಸಿದ್ದ. ಅಷ್ಟೇ ಅಲ್ಲ, ಅವನು ತೀರಿಕೊಂಡದ್ದು ನಮ್ಮ ದಕ್ಷಿಣ ಭಾರತದಲ್ಲೇ, ತಮಿಳುನಾಡಿನ ಕಡಲೂರಿನಲ್ಲಿ. ಹೆಸರು ಬೆಂಜಮಿನ್ ರಾಬಿನ್ಸ್. ಫಿಸಿಕ್ಸ್ ಪುಸ್ತಕದಲ್ಲಿ ಬ್ಯಾಲಿಸ್ಟಿಕ್ ಪೆಂಡ್ಯುಲಮ್ ಲೆಕ್ಕ ಮಾಡಿ ಮಾರ್ಕ್ಸ್ ತಗೊಂಡ ನಾವೆಲ್ಲ ಅವನಿಗೆ ಸ್ವಲ್ಪ ಋಣಿಗಳೇ.

1707ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಒಂದು ಬಡ ಕ್ವೇಕರ್ ಮನೆಯಲ್ಲಿ ಹುಟ್ಟಿದವನು ರಾಬಿನ್ಸ್. ಕ್ವೇಕರ್ ಅಂದರೆ ಆಯುಧ ಮುಟ್ಟುವುದೇ ಪಾಪ ಅನ್ನುವ ಪಂಥ. ಅಂಥ ಮನೆಯ ಹುಡುಗ ಕೋವಿ, ಫಿರಂಗಿಗಳ ಶಾಸ್ತ್ರಕ್ಕೇ ಅಡಿಪಾಯ ಹಾಕಿದ್ದು ತಮಾಷೆಯಾಗಿ ಕಾಣುತ್ತದೆ. ಕಾಲೇಜು ಗೀಲೇಜು ಏನೂ ಇಲ್ಲ. ಗಣಿತವನ್ನು ಹೆಚ್ಚಾಗಿ ತಾನೇ ಓದಿಕೊಂಡು ಲಂಡನ್ನಿಗೆ ಬಂದ. 1727ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಸದಸ್ಯನಾದ. ನಮ್ಮಲ್ಲಿ ಆ ವಯಸ್ಸಿಗೆ ಮೂರನೇ ಸೆಮಿಸ್ಟರ್ ಬ್ಯಾಕ್ ಇರುತ್ತೆ, ಬಿಡಿ.

ಹೊಟ್ಟೆಪಾಡಿಗೆ ಗಣಿತದ ಪಾಠ ಹೇಳುತ್ತಿದ್ದ. ಬಿಷಪ್ ಬರ್ಕ್ಲಿ ನ್ಯೂಟನ್ನನ ಕ್ಯಾಲ್ಕುಲಸ್ ಮೇಲೆ ಹರಿಹಾಯ್ದಾಗ 1735ರಲ್ಲಿ ನ್ಯೂಟನ್ ಪರವಾಗಿ ಪುಸ್ತಕ ಬರೆದ. ರಾಜಕೀಯಕ್ಕೂ ಇಳಿದು, ಪ್ರಧಾನಿ ವಾಲ್‌ಪೋಲ್ ವಿರುದ್ಧ ಕರಪತ್ರ ಬರೆದ. 1741ರಲ್ಲಿ ವುಲ್ವಿಚ್‌ನಲ್ಲಿ ಹೊಸ ಮಿಲಿಟರಿ ಅಕಾಡೆಮಿ ಶುರುವಾದಾಗ ಅಲ್ಲಿ ಪ್ರಾಧ್ಯಾಪಕನಾಗುವ ಆಸೆ ಅವನಿಗಿತ್ತು. ಹುದ್ದೆ ಬೇರೆಯವರ ಪಾಲಾಯಿತು. ಆ ಕರಪತ್ರಗಳೇ ಅಡ್ಡ ಬಂದವು ಅನ್ನುವವರಿದ್ದಾರೆ. ಕೆಲಸ ಸಿಗದಿದ್ದರೂ ಪುಸ್ತಕ ನಿಲ್ಲಲಿಲ್ಲ. ಫಿರಂಗಿ ವಿದ್ಯೆಯ ಹೊಸ ತತ್ವಗಳ ಕುರಿತ ಅವನ ಪುಸ್ತಕ 1742ರಲ್ಲಿ ಬಂತು.

ಅಲ್ಲಿಯವರೆಗೆ ಎಲ್ಲರೂ ನಂಬಿದ್ದು ಗೆಲಿಲಿಯೋನ ಪ್ಯಾರಾಬೋಲಾ. ಗಾಳಿಯ ಅಡ್ಡಿ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದರು. ಸಾಧಾರಣ ಕೋವಿಯ ಗುಂಡಿನ ವೇಗ ಎಷ್ಟು ಅಂತ ಅಳೆಯುವ ದಾರಿಯೇ ಇರಲಿಲ್ಲ. ರಾಬಿನ್ಸ್ 56 ಪೌಂಡಿನಷ್ಟು ತೂಕದ ಒಂದು ಲೋಲಕ ತೂಗುಹಾಕಿ, ಅದರ ಮರದ ಹಲಗೆಗೆ ಗುಂಡು ಹೊಡೆದ. ಗುಂಡು ಒಳಗೆ ಸಿಕ್ಕಿಕೊಂಡಿತು, ಲೋಲಕ ಹಿಂದೆ ತೂಗಿತು, ಅದರ ತುದಿಗೆ ಕಟ್ಟಿದ್ದ ರಿಬ್ಬನ್ ಎಷ್ಟು ಎಳೆದುಕೊಂಡು ಹೋಯಿತು ಅಂತ ನೋಡಿದ. ಮುಂದಿನದು ಸಂವೇಗ ಸಂರಕ್ಷಣೆ. ಸುಮಾರು 38 ಗ್ರಾಂನ ಗುಂಡು ಇಪ್ಪತ್ತೈದು ಕಿಲೋ ಲೋಲಕವನ್ನು ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗದಲ್ಲಿ ನೂಕಿದರೆ ಗುಂಡಿನ ವೇಗ ಸೆಕೆಂಡಿಗೆ 500 ಮೀಟರ್ ಆಸುಪಾಸು. ರಾಬಿನ್ಸ್‌ಗೆ ಸಿಕ್ಕಿದ್ದು ಸುಮಾರು 1700 ಅಡಿ. ಗೆಲಿಲಿಯೋ ಲೆಕ್ಕದಲ್ಲಿ ಈ ವೇಗಕ್ಕೆ ಗುಂಡು 17 ಮೈಲಿ ಹೋಗಬೇಕು. ಅನುಭವಸ್ಥರ ಪ್ರಕಾರ ಅರ್ಧ ಮೈಲಿಯೂ ಹೋಗುತ್ತಿರಲಿಲ್ಲ. ಗಾಳಿ ಗುಂಡಿನ ತೂಕದ ನೂರಿಪ್ಪತ್ತು ಪಟ್ಟು ಬಲದಿಂದ ತಡೆಯುತ್ತದೆ ಅಂತ ಅವನು ತೋರಿಸಿದ.

ದೂರದ ಲೆಕ್ಕ ಆಯಿತು. ಅಕ್ಕಪಕ್ಕಕ್ಕೆ ಯಾಕೆ ವಾಲುತ್ತದೆ? ಇಲ್ಲಿ ಅವನ ಬುದ್ಧಿ ನಿಜಕ್ಕೂ ಮೆಚ್ಚುವಂಥದ್ದು. ಆಗಿನ ಇಂಗ್ಲಿಷ್ ಕೋವಿಯ ನಳಿಗೆ 0.75 ಇಂಚು, ಗುಂಡು ಸುಮಾರು 0.69 ಇಂಚು. ಬೇಗ ತುಂಬಲು ಅನುಕೂಲ ಅಂತ ಈ ಸಂದು. ಹೊಡೆದಾಗ ಗುಂಡು ನಳಿಗೆಯೊಳಗೆ ಆಚೀಚೆ ತಾಗುತ್ತಾ ಬರುತ್ತದೆ, ಕೊನೆಗೆ ಎಲ್ಲಿ ಉಜ್ಜಿತೋ ಅದಕ್ಕೆ ತಕ್ಕಂತೆ ಗಿರಗಿರ ತಿರುಗುತ್ತಾ ಹೊರಬೀಳುತ್ತದೆ. ತಿರುಗುವ ಗುಂಡನ್ನು ಗಾಳಿ ಒಂದು ಪಕ್ಕಕ್ಕೆ ತಳ್ಳುತ್ತದೆ. ನಮ್ಮ ಪ್ರಸನ್ನ ಎಸೆದ ಚೆಂಡು ಪಿಚ್ಚಿಗೆ ಬೀಳುವ ಮೊದಲೇ ಗಾಳಿಯಲ್ಲಿ ಸರಿಯುತ್ತಿತ್ತಲ್ಲ, ಅದೇ ಇದು. ಪ್ರಸನ್ನ ಬೇಕೆಂದೇ ತಿರುಗಿಸುತ್ತಿದ್ದರು, ಕೋವಿ ತನಗೆ ತೋಚಿದ ಹಾಗೆ ತಿರುಗಿಸುತ್ತಿತ್ತು.

ಇದನ್ನು ಸಾಬೀತು ಮಾಡಲು 1746ರಲ್ಲಿ ರಾಬಿನ್ಸ್ ಒಂದು ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿದ. ಎದುರಿಗೆ ದೂರ ದೂರಕ್ಕೆ ತೆಳು ಕಾಗದದ ಪರದೆ ಕಟ್ಟಿದ. ಯಾರೇ ಆದರೂ ಗುಂಡು ಎಡಕ್ಕೆ ಹೋಗುತ್ತದೆ ಅಂತಲೇ ಹೇಳುತ್ತಾರೆ. ಮೊದಲು ಎಡಕ್ಕೇ ಹೋಯಿತು. ಆಮೇಲೆ ಪರದೆಗಳ ತೂತು ಬಲಕ್ಕೆ ಬಾಗುತ್ತಾ ಬಂತು! ಎಡಕ್ಕೆ ಬಾಗಿದ ನಳಿಗೆಯಲ್ಲಿ ಗುಂಡು ಬಲಗೋಡೆಗೆ ಒತ್ತಿಕೊಂಡು ಉರುಳುತ್ತದೆ, ಆ ತಿರುಗುವಿಕೆ ಅದನ್ನು ಗಾಳಿಯಲ್ಲಿ ಬಲಕ್ಕೆ ಎಳೆಯುತ್ತದೆ. ಇಷ್ಟಾದರೂ ಈ ಪರಿಣಾಮಕ್ಕೆ ಇವತ್ತು ಮ್ಯಾಗ್ನಸ್ ಹೆಸರು. ಬರ್ಲಿನ್ನಿನ ಮ್ಯಾಗ್ನಸ್ ಇದನ್ನು ವಿವರಿಸಿದ್ದು 1852ರಲ್ಲಿ. ರಾಬಿನ್ಸ್ ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದು, ಮೂಲಕ್ಕಿಂತ ಎಷ್ಟೋ ಪಟ್ಟು ದೊಡ್ಡ ಟಿಪ್ಪಣಿ ಬರೆದ ಮಹಾಗಣಿತಜ್ಞ ಆಯ್ಲರ್ ಕೂಡ ಈ ಒಂದು ಮಾತನ್ನು ಒಪ್ಪಲಿಲ್ಲ. ಗುಂಡಿನ ಆಕಾರ ಸರಿ ಇರಲಿಕ್ಕಿಲ್ಲ ಅಂದುಬಿಟ್ಟ.

ರೋಗ ಗೊತ್ತಾದ ಮೇಲೆ ಮದ್ದು ಸುಲಭ. ತಿರುಗುವಿಕೆ ತಪ್ಪಿಸಲಾಗದಿದ್ದರೆ ನಮಗೆ ಬೇಕಾದ ಹಾಗೇ ತಿರುಗಿಸೋಣ. ನಳಿಗೆಯ ಒಳಮೈಯಲ್ಲಿ ತಿರುಪಿನ ಹಾಗೆ ಗೀರು ಕೊರೆಯುವುದು, ಅಂದರೆ ರೈಫ್ಲಿಂಗ್, ಜರ್ಮನಿಯ ಬೇಟೆಗಾರರಿಗೆ ಮೊದಲಿಂದಲೂ ಗೊತ್ತಿತ್ತು. ಯಾಕೆ ಕೆಲಸ ಮಾಡುತ್ತದೆ ಅಂತ ಗೊತ್ತಿರಲಿಲ್ಲ. 1747ರಲ್ಲಿ ರಾಬಿನ್ಸ್ ರಾಯಲ್ ಸೊಸೈಟಿಗೆ ಅದನ್ನು ವಿವರಿಸಿದ. ಗುಂಡು ತಾನು ಹೋಗುವ ದಿಕ್ಕನ್ನೇ ಅಚ್ಚು ಮಾಡಿಕೊಂಡು ಬುಗುರಿಯಂತೆ ತಿರುಗಿದರೆ ಪಕ್ಕಕ್ಕೆ ತಳ್ಳುವ ಬಲಕ್ಕೆ ಜಾಗವೇ ಇಲ್ಲ. ಇನ್ನೂ ಮುಂದೆ ಹೋಗಿ, ಗುಂಡು ದುಂಡಗೇ ಯಾಕಿರಬೇಕು, ಮೊಟ್ಟೆಯಾಕಾರದಲ್ಲಿದ್ದರೆ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ ಅಂದ. ರೈಫ್ಲಿಂಗ್ ಇಲ್ಲದೆ ಉದ್ದನೆ ಗುಂಡು ಪಲ್ಟಿ ಹೊಡೆಯುತ್ತದೆ. ಹಾಗಾಗಿ ನಳಿಗೆ ಮತ್ತು ಗುಂಡು ಎರಡನ್ನೂ ಜೊತೆಯಾಗಿ ಯೋಚಿಸಬೇಕು. ಈ ವಿದ್ಯೆಯನ್ನು ಮೊದಲು ಸೈನ್ಯಕ್ಕೆ ತಂದ ದೇಶ ಉಳಿದವರನ್ನೆಲ್ಲ ಮೀರಿಸುತ್ತದೆ ಅಂತ ಎಚ್ಚರಿಸಿಯೂ ಇದ್ದ.

ಇವತ್ತಿನ ಪಿಸ್ತೂಲ್ ತಗೊಳ್ಳಿ. ಸಾಮಾನ್ಯ 9 ಮಿ.ಮೀ. ನಳಿಗೆಯಲ್ಲಿ 250 ಮಿ.ಮೀ.ಗೆ ಒಂದು ಸುತ್ತು. ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಬಿದ್ದರೆ ಸೆಕೆಂಡಿಗೆ 1400 ಸುತ್ತು, ನಿಮಿಷಕ್ಕೆ 84,000! 1879ರಲ್ಲಿ ವುಲ್ವಿಚ್‌ನ ಗ್ರೀನ್‌ಹಿಲ್ ಕೊಟ್ಟ ಸೂತ್ರ ಹಾಕಿ ನೋಡಿ: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿ. 15 ಮಿ.ಮೀ. ಉದ್ದದ ಗುಂಡಿಗೆ 810 ಮಿ.ಮೀ.ಗೆ ಒಂದು ಸುತ್ತು ಇದ್ದರೂ ಸಾಕು ಅನ್ನುತ್ತದೆ. ಅಂದರೆ ಪಿಸ್ತೂಲಿಗೆ ತಿರುಗುವಿಕೆಯ ಕೊರತೆ ಇಲ್ಲ, ಗುರಿ ಕೆಡಿಸುವುದು ಹೆಚ್ಚಾಗಿ ಗುಂಡೇ. ಗೀರಿನ ಅಳತೆಗಿಂತ ಸಣ್ಣ ಗುಂಡಾದರೆ ಪಕ್ಕದಿಂದ ಗ್ಯಾಸ್ ಸೋರುತ್ತದೆ. ಮೆತ್ತನೆಯ ಸೀಸವನ್ನು ಜಾಸ್ತಿ ವೇಗದಲ್ಲಿ ತಳ್ಳಿದರೆ ಅದು ಗೀರು ಹಿಡಿಯದೆ ಜಾರಿ, ಸೀಸ ನಳಿಗೆಗೇ ಮೆತ್ತಿಕೊಳ್ಳುತ್ತದೆ. ಅದಕ್ಕೇ ತಾಮ್ರದ ಹೊದಿಕೆ. ಗುಂಡಿನ ಭಾರಕೇಂದ್ರ ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಅಷ್ಟು ವೇಗದ ಸುತ್ತುವಿಕೆ ನಳಿಗೆ ಬಿಟ್ಟ ಕ್ಷಣ ಅದನ್ನು ಪಕ್ಕಕ್ಕೆ ಎಸೆಯುತ್ತದೆ. ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿ.ಮೀ. ಅಲ್ಲಿ ಬಳಸುವ 4.5 ಮಿ.ಮೀ. ಪೆಲೆಟ್ಟಿಗೆ ಚಪ್ಪಟೆ ಮೂತಿ. ವೇಗ ಬೇಗ ಕಳಕೊಳ್ಳುತ್ತದೆ, ಆದರೆ ಕಾಗದದಲ್ಲಿ ತೂತು ಸ್ವಚ್ಛವಾಗಿ ಬೀಳುತ್ತದೆ. ಎಲ್ಲ ಕಡೆ ಒಂದೇ ಗುಂಡು ಒಳ್ಳೆಯದು ಅಂತ ಇಲ್ಲ. ನಮ್ಮ ತಾಲೂಕಿನ ತೋಟಗಳಲ್ಲಿ ಹಂದಿ, ಮಂಗ ಓಡಿಸಲು ಇಟ್ಟುಕೊಳ್ಳುವ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರಬೇಕಾದ ಒಂಟಿನಳಿಗೆ ಕೋವಿಗೆ ಗೀರೇ ಇಲ್ಲ. ಚರೆ ಹರಡಬೇಕು, ಅಲ್ಲಿ ನುಣುಪೇ ಸರಿ.

ರಾಬಿನ್ಸ್‌ಗೆ 1746ರ ಕಾಪ್ಲಿ ಪದಕ ಸಿಕ್ಕಿತು. ಮಾತು ಮಾತ್ರ ಯಾರೂ ಕೇಳಲಿಲ್ಲ. ರೈಫಲ್ ತುಂಬುವುದು ನಿಧಾನ, ಗುಂಡನ್ನು ಬಿಗಿಯಾಗಿ ಒಳಗೆ ಜಡಿಯಬೇಕು, ಸಾಲಾಗಿ ನಿಂತು ಒಟ್ಟಿಗೆ ಹೊಡೆಯುವ ಸೈನ್ಯಕ್ಕೆ ಗುರಿ ಯಾಕೆ ಅನ್ನುವ ವಾದ. ಅದು ಪೂರ್ತಿ ಮೂರ್ಖತನ ಅಲ್ಲ, ಆದರೆ ಅದರ ಹೆಸರಿನಲ್ಲಿ ನೂರು ವರ್ಷ ಕಳೆದವು. ಹೊಡೆದಾಗ ತಾನೇ ಹಿಗ್ಗಿ ಗೀರು ಹಿಡಿಯುವ ಉದ್ದನೆ ಗುಂಡನ್ನು ಫ್ರಾನ್ಸಿನ ಮಿನ್ಯೆ 1849ರಲ್ಲಿ ಮಾಡಿದ ಮೇಲೆಯೇ ಸಾಮಾನ್ಯ ಸಿಪಾಯಿಗೆ ರೈಫಲ್ ಬಂತು. ನಮ್ಮಲ್ಲಿ ಅದು ಬಂದದ್ದು ಕೊಬ್ಬು ಸವರಿದ ಕಾಡತೂಸಿನ ಎನ್‌ಫೀಲ್ಡ್ ಆಗಿ, 1857ರಲ್ಲಿ. ಮುಂದಿನದು ಎಲ್ಲರಿಗೂ ಗೊತ್ತು. ಮೈಸೂರಿನ ರಾಕೆಟ್ಟುಗಳಿಗೂ ಇದೇ ತೊಂದರೆ ಇತ್ತು. ಬಿದಿರು ಕಟ್ಟಿದ್ದರೂ ಅಡ್ಡಾದಿಡ್ಡಿ ಹೋಗುತ್ತಿದ್ದವು. ರಾಕೆಟ್ಟನ್ನೇ ತಿರುಗಿಸಿ ನೆಟ್ಟಗೆ ಹಾರಿಸುವ ಉಪಾಯಕ್ಕೆ ಇಂಗ್ಲೆಂಡಿನ ವಿಲಿಯಂ ಹೇಲ್ ಪೇಟೆಂಟ್ ತಗೊಂಡದ್ದು 1844ರಲ್ಲಿ.

ಸ್ವಂತ ದೇಶದಲ್ಲಿ ಪದಕಕ್ಕಿಂತ ಹೆಚ್ಚಿನದು ಸಿಗದ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಜನರಲ್ ಕೆಲಸ ಒಪ್ಪಿಕೊಂಡು ಹಡಗು ಹತ್ತಿದ. 1750ರ ಜುಲೈಯಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ಬಂದಿಳಿದ. ಮದ್ರಾಸನ್ನು ಫ್ರೆಂಚರು ಕಿತ್ತುಕೊಂಡು ಆಗಷ್ಟೇ ವಾಪಸು ಕೊಟ್ಟಿದ್ದ ಕಾಲ. ಕೋಟೆಗಳೆಲ್ಲ ಹಾಳಾಗಿದ್ದವು, ಅವನ್ನು ಗಟ್ಟಿ ಮಾಡುವುದು ಇವನ ಕೆಲಸ. ಬಂದ ಎರಡೇ ತಿಂಗಳಿಗೆ ಜ್ವರ ಹಿಡಿಯಿತು. ಎದ್ದು ಮತ್ತೆ ಕೆಲಸಕ್ಕೆ ಕೂತ. ಆ ನವೆಂಬರಿನಲ್ಲಿ ಇತ್ತ ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ.

ಮದ್ರಾಸಿಗೂ ಸೇಂಟ್ ಡೇವಿಡ್‌ಗೂ ಹೊಸ ಕೋಟೆಯ ನಕ್ಷೆ ಮುಗಿಸಿದ್ದ ರಾಬಿನ್ಸ್ ಅವು ಮೇಲೇಳುವುದನ್ನು ನೋಡಲಿಲ್ಲ. 1751ರ ಜುಲೈ 29ರಂದು ತೀರಿಕೊಂಡ. ವಯಸ್ಸು 44, ಮದುವೆಯಾಗಿರಲಿಲ್ಲ. ಕಂಪನಿಗೆ ವರದಿ ಬರೆಯುತ್ತಾ ಪೆನ್ನು ಕೈಯಲ್ಲಿರುವಾಗಲೇ ಪ್ರಾಣ ಹೋಯಿತು ಅಂತ ಹೇಳುತ್ತಾರೆ. ಹತ್ತು ವರ್ಷದ ನಂತರ, 1761ರಲ್ಲಿ, ಗೆಳೆಯ ಜೇಮ್ಸ್ ವಿಲ್ಸನ್ ಅವನ ಬರಹಗಳನ್ನೆಲ್ಲ ಸೇರಿಸಿ ಲಂಡನ್ನಿನಲ್ಲಿ ಎರಡು ಸಂಪುಟವಾಗಿ ಅಚ್ಚು ಹಾಕಿಸಿದ. ರೈಫ್ಲಿಂಗ್ ಬಗ್ಗೆ ಬರೆದ ಆ ಕೆಲವೇ ಪುಟಗಳೂ ಅದರಲ್ಲಿವೆ.